ಸೋರು, ನುಪ್ಪು, ಅನ್ನ

ಬಟ್ಟಲಿನಲ್ಲಿರುವುದು ಒಂದೇ ಅನ್ನ. ಆದರೆ ಕಡಬ, ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳ ಕಾಲೊನಿಯಿಂದ ಶಾಲೆಗೆ ಬರುವ ತಮಿಳು ಮಗುವಿಗೆ ಅದು ಮನೆಯಲ್ಲಿ ‘ಸೋರು’, ಪೇಟೆಯ ತುಳುವಿನಲ್ಲಿ ‘ನುಪ್ಪು’, ತರಗತಿಯಲ್ಲಿ ‘ಅನ್ನ’. ಆರು ವರ್ಷದ ಮಗು ದಿನಕ್ಕೆ ಮೂರು ಭಾಷೆಗಳ ಹೊಸ್ತಿಲು ದಾಟಬೇಕು.

ಈ ಕುಟುಂಬಗಳ ಹಿರಿಯರು ಬ್ರಿಟಿಷರ ಕಾಲದಲ್ಲಿ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಕೂಲಿಗಾಗಿ ಹೋದವರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದೂರ್ ಶಾಸ್ತ್ರಿ ಹಾಗೂ ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಅಂಥ 5.25 ಲಕ್ಷ ಮಂದಿಯನ್ನು ಸ್ವೀಕರಿಸಲು ಭಾರತ ಒಪ್ಪಿತು. ಮರಳಿದವರಲ್ಲಿ ಕೆಲವರಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಇಲ್ಲಿನ ರಬ್ಬರ್ ತೋಟಗಳಲ್ಲಿ ಕೆಲಸ ದೊರೆಯಿತು.

ರಬ್ಬರ್ ಹಾಲು ತಂಪು ಹೊತ್ತಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಆದ್ದರಿಂದ ಟ್ಯಾಪಿಂಗ್ ನಸುಕಿನಲ್ಲೇ ಆರಂಭ. ಮಗು ಶಾಲೆಗೆ ಹೊರಡುವಾಗ ತಂದೆತಾಯಿ ತೋಟದಲ್ಲಿರುತ್ತಾರೆ. ಹಿರಿಯರಿಗೆ ಕನ್ನಡ ಓದಲು ಬಾರದ ಮನೆಯಲ್ಲಿ ಸರಕಾರಿ ಕಾಗದ ಓದಿ ಹೇಳುವ ಹೊಣೆಯೂ ಮಗುವಿನದೇ. ಅದು ಶಾಲೆ ಬಿಟ್ಟರೆ ಇಡೀ ಮನೆಗೇ ನಷ್ಟ.

ಇಂಥ ಮಗು ತರಗತಿಯಲ್ಲಿ ಮೌನವಾಗಿ ಕುಳಿತರೆ ದಡ್ಡತನವೆಂದು ಎಣಿಸಬಾರದು. ಅದು ಮಾತಾಡುವ ಮೊದಲು ಕಿವಿ ತೆರೆದು ಕಲಿಯುವ ಹಂತ. ‘ಸೋರು ಬೇಕು’ ಎಂದಾಗ ಗೆಳೆಯರು ನಕ್ಕರೆ ಬಾಯಿ ಮುಚ್ಚಿಹೋಗುತ್ತದೆ. ಕನ್ನಡದಲ್ಲಿ ಸೋರುವುದು ಮಳೆಗಾಲದ ಮಾಡು ತಾನೇ! ‘ನಾವು ಅನ್ನ ಎನ್ನುತ್ತೇವೆ’ ಎಂದು ಬಡಿಸಿದರೆ ಪಾಠವೂ ಆಯಿತು, ಗೆಳೆತನವೂ ಆಯಿತು.

ನಗುವ ಮುನ್ನ ಇನ್ನೊಂದು ಸಂಗತಿ ತಿಳಿದಿರಲಿ. ಹತ್ತು, ಹುಲಿ, ಹೂವು ಎಂಬುದಕ್ಕೆ ತಮಿಳು ಮಗು ಪತ್ತು, ಪುಲಿ, ಪೂ ಎನ್ನುತ್ತದೆ. ತುಳುವರಿಗೂ ಅವು ಪತ್ತ್, ಪಿಲಿ, ಪೂ. ಹಳಗನ್ನಡದಲ್ಲೂ ಪತ್ತು, ಪುಲಿ, ಪೂ ಎಂದೇ ಇತ್ತು. ‘ಪ’ಕಾರ ಕ್ರಮೇಣ ‘ಹ’ಕಾರವಾಯಿತು. ಮಗುವಿನ ‘ತಪ್ಪು’ 10ನೇ ಶತಮಾನದ ಪಂಪನಿಗೆ ತಪ್ಪಾಗಿ ಕೇಳಿಸುತ್ತಿರಲಿಲ್ಲ! ಈ ಒಂದು ಸೂತ್ರ ಹೇಳಿಕೊಟ್ಟರೆ ಹತ್ತಾರು ಶಬ್ದಗಳು ತಾವಾಗಿ ಒಲಿಯುತ್ತವೆ.

ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಆದ್ದರಿಂದ ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಮಾತ್ರ ತಾಳ್ಮೆ ಬೇಕು.

ಪಾಲಕರು ಕನ್ನಡ ಬರಲೆಂದು ಮನೆಯಲ್ಲಿ ತಮಿಳು ಬಿಡಬೇಕಿಲ್ಲ. ಅಜ್ಜಿಯ ಕಥೆ ತಮಿಳಿನಲ್ಲೇ ಇರಲಿ. ಅದನ್ನು ಮರುದಿನ ಗೆಳೆಯರಿಗೆ ಕನ್ನಡದಲ್ಲಿ ಹೇಳಲಿ. ಮನೆಮಾತು ಕನ್ನಡಕ್ಕೆ ಅಡ್ಡಗೋಡೆಯಲ್ಲ, ಏಣಿ.