ಹಿಂದೂಪುರದಿಂದ ಲೂರ್ದಿಗೆ: ಲಗೇಜು ಎಷ್ಟಿರಬೇಕು?

ಹಿಂದೂಪುರದ ನಿಲ್ದಾಣದಲ್ಲಿ ಹೆಚ್ಚಿನ ಗಾಡಿಗಳು ನಿಲ್ಲುವುದು ಒಂದೆರಡು ನಿಮಿಷ. ಅಷ್ಟರೊಳಗೆ ಮಕ್ಕಳು, ಮುದುಕರು, ಹುಣಸೆಹಣ್ಣಿನ ಚೀಲ, ನೀರಿನ ಕ್ಯಾನು ಎಲ್ಲವೂ ಒಳಗೆ ಸೇರಬೇಕು. ಒಬ್ಬರು ಬಾಗಿಲಲ್ಲಿ ನಿಂತು ಸಾಮಾನು ಎಳೆದುಕೊಳ್ಳುವುದು, ಇನ್ನೊಬ್ಬರು ಕೆಳಗಿನಿಂದ ಎತ್ತಿಕೊಡುವುದು, ಮೂರನೆಯವರು ಒಳಗೆ ಹೋಗಿ ಸೀಟು ಹಿಡಿಯುವುದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. 1890ರ ದಶಕದಲ್ಲಿ ಮೈಸೂರು ಸಂಸ್ಥಾನದ ಕಡೆಯಿಂದ ಹಳಿ ಬಂದಂದಿನಿಂದ ನಾವು ಕಲಿತದ್ದು ಇದನ್ನೇ. 1980ರ ದಶಕದಲ್ಲಿ ದೊಡ್ಡ ಹಳಿ ಬರುವ ತನಕ ಇಲ್ಲಿ ಓಡುತ್ತಿದ್ದುದು ಮೀಟರ್ ಗೇಜ್ ಗಾಡಿ. ವೇಳಾಂಗಣಿಗೆ ಹೊರಟ ನಮ್ಮ ಹಿರಿಯರು ಬೆಂಗಳೂರಿನಲ್ಲಿ ಇಳಿದು, ಟ್ರಂಕು, ಹೋಲ್ಡಾಲು, ಅಡುಗೆ ಪಾತ್ರೆಗಳನ್ನೆಲ್ಲ ಹೊತ್ತು ಮದ್ರಾಸಿನ ಗಾಡಿಗೆ ಬದಲಾಯಿಸುತ್ತಿದ್ದರು. ಕೆಂಪು ಅಂಗಿ ತೊಟ್ಟು ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ ಕೂಲಿಗಳು ಇಲ್ಲದಿದ್ದರೆ ಆ ಯಾತ್ರೆಗಳು ನಡೆಯುತ್ತಲೇ ಇರಲಿಲ್ಲ. 2016ರ ರೈಲ್ವೆ ಬಜೆಟ್ಟಿನಲ್ಲಿ ಅವರಿಗೆ 'ಸಹಾಯಕ'ರೆಂಬ ಹೊಸ ಹೆಸರು ಬಂತು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಕೂಲಿಯೇ.

ಕಲ್ಯಾಣದುರ್ಗದವರ ಕಥೆ ಬೇರೆ. ಅವರಿಗೆ ಬಹುಕಾಲ ರೈಲೇ ಇರಲಿಲ್ಲ. ರಾಯದುರ್ಗ-ತುಮಕೂರು ಹೊಸ ಮಾರ್ಗದ ಕೆಲಸದಿಂದಾಗಿ ಈಚಿನ ವರ್ಷಗಳಲ್ಲಷ್ಟೇ ರಾಯದುರ್ಗದ ಕಡೆಯಿಂದ ಅಲ್ಲಿಗೆ ಗಾಡಿ ಬಂದಿತು. ಅಲ್ಲಿಯವರೆಗೆ ಎಲ್ಲವೂ ಬಸ್ಸಿನಲ್ಲಿ. ಸಾಮಾನು ಬಸ್ಸಿನ ಟಾಪಿಗೆ ಹೋಗುತ್ತಿದ್ದುದರಿಂದ ಕಲ್ಯಾಣದುರ್ಗದವರು ಗಂಟು ಕಟ್ಟಿದರೆ ಅದು ಬಿಚ್ಚುವುದೂ ಇಲ್ಲ, ಅಲುಗುವುದೂ ಇಲ್ಲ. ನಮ್ಮ ಅಕ್ಕ-ಭಾವ ಆ ಊರಿನವರು. ಯುರೋಪಿಗೆ ಹೋಗುವ ಮಾತು ಬಂದಾಗ ಭಾವ ಮೊದಲು ಹುಡುಕಿದ್ದು ಪಾಸ್‌ಪೋರ್ಟನ್ನಲ್ಲ, ಸೆಣಬಿನ ಹಗ್ಗವನ್ನು!

ಈಗ ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆ. ಒಂದಲ್ಲ ಒಂದು ದಿನ ತಂದೆತಾಯಿಗಳೂ ಹೊರಡುತ್ತಾರೆ. ನಾವು ಹೊರಟದ್ದು 2024ರ ಮೇ ತಿಂಗಳಲ್ಲಿ, ಜರ್ಮನಿಯ ಕೊಲೋನ್ ನಗರದಲ್ಲಿರುವ ಮಗಳ ಮನೆಗೆ. ನಾವಿಬ್ಬರು, ಅಕ್ಕ ಮತ್ತು ಭಾವ, ಒಟ್ಟು ನಾಲ್ವರು. ಎಲ್ಲರೂ ಅರವತ್ತು ದಾಟಿದವರೇ. ಭಾವನಿಗಂತೂ ಎಪ್ಪತ್ತೊಂದು. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿತ್ತು. ಪ್ರಯಾಣ ಮಾಡಬಹುದು, ಭಾರ ಮಾತ್ರ ಎತ್ತಕೂಡದು ಎಂದು ವೈದ್ಯರು ಖಂಡಿತವಾಗಿ ಹೇಳಿದ್ದರು. ಅಕ್ಕನಿಗೆ ಲೂರ್ದು ಮಾತೆಯ ಗವಿಯನ್ನು ಒಮ್ಮೆ ನೋಡಬೇಕೆಂಬ ಹರಕೆ. ಆದರೆ ಭಾವ ಬರುವುದಿಲ್ಲವೆಂದು ಕೂತರು. "ಅಲ್ಲಿ ಕೂಲಿಗಳಿಲ್ಲವಂತೆ. ಹೆಂಡತಿ ಪೆಟ್ಟಿಗೆ ಹೊರುವುದನ್ನು ನೋಡಿಕೊಂಡು ನಾನು ಕೈ ಬೀಸಿಕೊಂಡು ನಡೆಯಲೇ?" ಎನ್ನುವುದು ಅವರ ಪ್ರಶ್ನೆ. ವೀಸಾ, ಟಿಕೇಟು, ಹಣ ಇವು ಯಾವುದೂ ನಮ್ಮನ್ನು ಇಷ್ಟು ಕಾಡಲಿಲ್ಲ. ಲಗೇಜಿನ ಮಾತು ಬಗೆಹರಿಯದೆ ಈ ಪ್ರವಾಸವಿಲ್ಲ ಎಂದಾಯಿತು.

ಬಗೆಹರಿಸಿದವಳು ಮಗಳು. "ಅಮ್ಮಾ, ವಿಮಾನ ಎಷ್ಟು ಹೊರುತ್ತದೆ ಎಂದು ನೋಡಬೇಡಿ. ರೈಲು ಬದಲಾಯಿಸುವಾಗ ನೀವು ಎಷ್ಟು ಹೊರಬಲ್ಲಿರಿ ಎಂದು ನೋಡಿ" ಎಂದು ಫೋನಿನಲ್ಲಿ ಹೇಳಿದಳು. ಯುರೋಪಿನ ರೈಲು ಪ್ರಯಾಣದ ಇಡೀ ಗುಟ್ಟು ಇರುವುದು ಇಲ್ಲಿಯೇ. ನಮ್ಮ ಟಿಕೇಟಿನಲ್ಲಿ ತಲೆಗೆ 23 ಕೆ.ಜಿ. ಪೆಟ್ಟಿಗೆ, ಜೊತೆಗೆ 8 ಕೆ.ಜಿ. ಕೈಚೀಲ ಎಂದಿತ್ತು. 23 ಎಂದ ಕೂಡಲೇ 22 ಮುಕ್ಕಾಲು ತುಂಬಿಸುವುದು ನಮ್ಮವರ ಸ್ವಭಾವ. ಆದರೆ ವಿಮಾನದಲ್ಲಿ ಪೆಟ್ಟಿಗೆಯನ್ನು ಬೇರೆಯವರು ಹೊರುತ್ತಾರೆ; ರೈಲಿನಲ್ಲಿ ನಾವೇ ಹೊರಬೇಕು. ನಮ್ಮ ದೇಶದ ರೈಲುಗಳಲ್ಲಿ ಸ್ಲೀಪರ್ ಬೋಗಿಯವರಿಗೆ 40 ಕೆ.ಜಿ., ಎರಡನೇ ದರ್ಜೆಯವರಿಗೆ 35 ಕೆ.ಜಿ. ಉಚಿತವೆಂದು ನಿಯಮವಿದೆ, ತೂಕ ಹಾಕಿದವರನ್ನು ನೋಡಿದವರು ಕಡಿಮೆ. ಯುರೋಪಿನ ಬಹುಪಾಲು ರೈಲುಗಳಲ್ಲಿ ತೂಕದ ಮಾತೇ ಇಲ್ಲ, ನೀವೇ ಎತ್ತಿ ಇಡಬಲ್ಲಷ್ಟು ತನ್ನಿ ಎಂಬುದೇ ಅಲ್ಲಿನ ರೂಢಿ.

ಹಾಗಾಗಿ ನಾವು ಒಂದು ಪರೀಕ್ಷೆ ಇಟ್ಟುಕೊಂಡೆವು. ಅವರವರ ಪೆಟ್ಟಿಗೆಯನ್ನು ಅವರವರೇ ಹಿಡಿದು ಮನೆಯ ಮಹಡಿ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿಯಬೇಕು. ಉಸಿರು ಕಟ್ಟಿದರೆ ಪೆಟ್ಟಿಗೆ ಬಿಚ್ಚಬೇಕು. ಮೊದಲ ದಿನ ಮೂರು ಪೆಟ್ಟಿಗೆಗಳೂ ಸೋತವು. ಅಕ್ಕನದು 21ರಿಂದ 12 ಕೆ.ಜಿ.ಗೆ ಇಳಿಯಿತು, ನಮ್ಮವು ತಲಾ 13ಕ್ಕೆ ನಿಂತವು. ಭಾವನಿಗೆ ಪರೀಕ್ಷೆಯಿಂದ ವಿನಾಯಿತಿ. ಅವರ ಬಟ್ಟೆಗಳನ್ನು ಮೂರು ಪೆಟ್ಟಿಗೆಗಳಿಗೆ ಹಂಚಿ, ಅವರ ಕೊರಳಿಗೆ ಒಂದೇ ಒಂದು ಚೀಲ ಹಾಕಿದೆವು. ಅದರಲ್ಲಿ ಔಷಧಿಗಳು, ವೈದ್ಯರ ಚೀಟಿ, ನಾಲ್ವರ ಪಾಸ್‌ಪೋರ್ಟುಗಳು. "ಎಲ್ಲಕ್ಕಿಂತ ಬೆಲೆಬಾಳುವ ಲಗೇಜು ನಿಮ್ಮದೇ ಭಾವ" ಎಂದಾಗ ಸ್ವಲ್ಪ ಸಮಾಧಾನಗೊಂಡರು. ಔಷಧಿಯನ್ನು ಯಾವತ್ತೂ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬಾರದು, ಪೆಟ್ಟಿಗೆ ತಡವಾದರೂ ಗುಳಿಗೆ ತಪ್ಪಬಾರದು.

ತಿಂಡಿತೀರ್ಥಗಳ ವಿಷಯ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಮೊಮ್ಮಗನಿಗೆಂದು ಅಕ್ಕ ಕಾಯಿಸಿಟ್ಟ ತುಪ್ಪ, ಹಾಲುಕೋವ ಎರಡೂ ಬಿಟ್ಟುಹೋಗಬೇಕಾಯಿತು. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಪ್ರಯಾಣಿಕರು ಒಯ್ಯುವಂತಿಲ್ಲ. ಜಾನುವಾರುಗಳ ರೋಗ ಹರಡದಿರಲೆಂದು ಈ ಕಟ್ಟುನಿಟ್ಟು. ಹಸಿ ಹಣ್ಣು, ತರಕಾರಿ, ಸೊಪ್ಪುಗಳಿಗೂ ರೋಗಮುಕ್ತವೆಂಬ ಸರಕಾರಿ ಪ್ರಮಾಣಪತ್ರ ಬೇಕು. ಐದಕ್ಕೆ ಮಾತ್ರ ರಿಯಾಯಿತಿ: ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ ಮತ್ತು ಡುರಿಯನ್. ತೆಂಗಿನಕಾಯಿ ಹೋಗಬಹುದು, ಕರಿಬೇವು ಹೋಗಬಾರದು ಎಂಬುದನ್ನು ಅಕ್ಕನಿಗೆ ಒಪ್ಪಿಸಲು ಅರ್ಧ ದಿನ ಹಿಡಿಯಿತು. ಕೊನೆಗೆ ಹೋದದ್ದು ಶೇಂಗಾ ಚಟ್ನಿಪುಡಿ, ಸಾರಿನ ಪುಡಿ, ರಾಗಿ ಹಿಟ್ಟು. ಹುಡಿಯ ಪದಾರ್ಥವನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ಹೆಸರು ಬರೆದಿಡಿ. ಕೇಳಿದವರಿಗೆ ತೋರಿಸಲು ಸುಲಭ.

ಹಿಂದೂಪುರದವರಿಗೆ ದೇವನಹಳ್ಳಿಯ ವಿಮಾನ ನಿಲ್ದಾಣ ಬೆಂಗಳೂರು ಪೇಟೆಗಿಂತ ಹತ್ತಿರ. ಆದರೆ ರೈಲಿನಲ್ಲಿ ನೇರ ಹೋಗಲಾಗದು. 2021ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಹಾಲ್ಟ್ ಇರುವುದು ಯಲಹಂಕದಿಂದ ದೇವನಹಳ್ಳಿಗೆ ಹೋಗುವ ಇನ್ನೊಂದು ಹಳಿಯ ಮೇಲೆ. ಹಾಗಾಗಿ ಗೌರಿಬಿದನೂರು, ದೊಡ್ಡಬಳ್ಳಾಪುರದ ದಾರಿಯಲ್ಲಿ ಕಾರು ಮಾಡಿಕೊಂಡೆವು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೇ ದೂರದ ರೈಲುಗಳ ನಿಲ್ದಾಣ ಅಂಟಿಕೊಂಡಿದೆ. 1999ರಲ್ಲಿ ಕಟ್ಟಿದ್ದು. ಅಲ್ಲಿಂದ ಕೊಲೋನಿಗೆ 2002ರಲ್ಲಿ ತೆರೆದ ವೇಗದ ಹಳಿಯಲ್ಲಿ ಗಂಟೆಗೆ 300 ಕಿಲೋಮೀಟರಿನಂತೆ ಓಡುವ ಗಾಡಿಗಳು ಒಂದು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ. ಪ್ಲಾಟ್‌ಫಾರ್ಮನ್ನು ಎ, ಬಿ, ಸಿ ಎಂದು ಭಾಗ ಮಾಡಿ, ಯಾವ ಬೋಗಿ ಎಲ್ಲಿ ನಿಲ್ಲುತ್ತದೆಂದು ಫಲಕದಲ್ಲಿ ತೋರಿಸುತ್ತಾರೆ. ನಮ್ಮ ಅಕ್ಷರದ ಕೆಳಗೆ ಮೊದಲೇ ನಿಂತರೆ ಓಡಾಟವಿಲ್ಲ. ಇನ್ನೊಂದು ವಿಷಯ ನೆನಪಿರಲಿ: ಜರ್ಮನಿಯಲ್ಲಿ ಟಿಕೇಟು ಬೇರೆ, ಸೀಟು ಬೇರೆ. ಸೀಟು ಕಾದಿರಿಸಲು ಪ್ರತ್ಯೇಕ ಹಣ ಕೊಡಬೇಕು. ಲಗೇಜು ಇರುವ ಹಿರಿಯರು ಆ ಹಣ ಉಳಿಸುವುದು ಜಾಣತನವಲ್ಲ.

ಒಳಗೆ ಹೋದ ಮೇಲೆ ಭಾವ ಬಗ್ಗಿ ಸೀಟಿನ ಕೆಳಗೆ ಏನನ್ನೋ ಹುಡುಕತೊಡಗಿದರು. ಸರಪಳಿ ಕಟ್ಟುವ ಕಬ್ಬಿಣದ ಬಳೆ! ನಮ್ಮ ರೈಲುಗಳಲ್ಲಿ ಕೆಳಗಿನ ಬರ್ತಿನಡಿ ಇರುತ್ತದಲ್ಲ, ಅದು. ಅಲ್ಲಿ ಅಂಥದ್ದು ಇಲ್ಲ. ಪೆಟ್ಟಿಗೆಗಳನ್ನು ತಲೆಯ ಮೇಲಿನ ಹಲಗೆಯಲ್ಲಿ, ಬೆನ್ನಿಗೆ ಬೆನ್ನು ತಾಗಿದ ಸೀಟುಗಳ ನಡುವಿನ ಸಂದಿಯಲ್ಲಿ, ಇಲ್ಲವೇ ಬೋಗಿಯ ತುದಿಯ ಕಪಾಟಿನಲ್ಲಿ ಇಡಬೇಕು. ಬಾಗಿಲ ಬಳಿಯ ಕಪಾಟಿನ ಪೆಟ್ಟಿಗೆ ಗಾಡಿ ನಿಂತಾಗ ಮಾಯವಾಗುವುದು ಯುರೋಪಿನಲ್ಲೂ ಉಂಟು. ಭಾವ ತಮ್ಮ ಸರಪಳಿ ಬಿಡುವವರೇ? ಮೂರು ಪೆಟ್ಟಿಗೆಗಳ ಹಿಡಿಗಳನ್ನು ಒಂದಕ್ಕೊಂದು ಸೇರಿಸಿ ಬೀಗ ಹಾಕಿದರು. ಮೂರನ್ನೂ ಒಟ್ಟಿಗೆ ಹೊತ್ತೋಡುವ ಕಳ್ಳ ಇನ್ನೂ ಹುಟ್ಟಿಲ್ಲವಂತೆ. ಎದುರಿನ ಜರ್ಮನ್ ಅಜ್ಜಿಯೊಬ್ಬರು ನೋಡಿ ನಕ್ಕು, ಹೆಬ್ಬೆರಳೆತ್ತಿ ತೋರಿಸಿದರು.

ಕೊಲೋನಿನ ಮುಖ್ಯ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಮಹಾ ದೇವಾಲಯ. 1248ರಲ್ಲಿ ಆರಂಭಿಸಿ 1880ರಲ್ಲಿ ಮುಗಿಸಿದ ಕಟ್ಟಡ, 157 ಮೀಟರ್ ಎತ್ತರದ ಗೋಪುರಗಳು. ಕತ್ತು ನೋಯುವಷ್ಟು ನೋಡಿದೆವು. ದೊಡ್ಡ ಪೆಟ್ಟಿಗೆಗಳನ್ನು ದೇವಾಲಯದೊಳಗೆ ಬಿಡುವುದಿಲ್ಲ. ಅಂಥವರಿಗೆ ನಿಲ್ದಾಣದಲ್ಲೇ ಹಣ ಹಾಕಿ ಲಗೇಜು ಇಡುವ ಯಂತ್ರದ ವ್ಯವಸ್ಥೆ ಇದೆ. ಗಾಡಿಗೆ ಎರಡು ಮೂರು ಗಂಟೆ ಬಿಡುವಿದ್ದವರು ಪೆಟ್ಟಿಗೆ ಎಳೆದುಕೊಂಡು ಊರು ಸುತ್ತುವ ಬದಲು ಹೀಗೆ ಮಾಡುವುದು ಒಳ್ಳೆಯದು. ರಸೀದಿ ಮಾತ್ರ ಜೋಪಾನ.

ಲೂರ್ದಿಗೆ ಹೊರಟಾಗ ದೊಡ್ಡ ಪೆಟ್ಟಿಗೆಗಳೆಲ್ಲ ಮಗಳ ಮನೆಯಲ್ಲೇ ಉಳಿದವು. ಐದು ದಿನಕ್ಕೆ ತಲೆಗೊಂದು ಚಿಕ್ಕ ಚೀಲ, ಎರಡು ಜೊತೆ ಬಟ್ಟೆ. ಸೀರೆ ಉಡುವವರು ತೆಳ್ಳಗಿನ ಪಾಲಿಯೆಸ್ಟರ್ ಸೀರೆ ಒಯ್ದರೆ ರಾತ್ರಿ ಒಗೆದು ಬೆಳಿಗ್ಗೆ ಉಡಬಹುದು. ಕೊಲೋನಿನಿಂದ ಪ್ಯಾರಿಸ್ಸಿಗೆ ಮೊದಲು ಥಾಲಿಸ್ ಎಂದು ಕರೆಯುತ್ತಿದ್ದ ಗಾಡಿ 2023ರಿಂದ ಯೂರೋಸ್ಟಾರ್ ಹೆಸರಿನಲ್ಲಿ ಓಡುತ್ತಿದೆ. ಫ್ರಾನ್ಸಿನ ವೇಗದ ಗಾಡಿಗಳಲ್ಲಿ 2024ರಿಂದ ಒಬ್ಬರಿಗೆ ಎರಡು ದೊಡ್ಡ ಪೆಟ್ಟಿಗೆ, ಒಂದು ಕೈಚೀಲ ಎಂಬ ಮಿತಿ ಬಂದಿದೆ, ಪ್ರತಿಯೊಂದರ ಮೇಲೂ ಪ್ರಯಾಣಿಕರ ಹೆಸರಿನ ಚೀಟಿ ಇರಲೇಬೇಕು.

ಕಷ್ಟವಿರುವುದು ಪ್ಯಾರಿಸ್ಸಿನಲ್ಲಿ. ಉತ್ತರದ ನಿಲ್ದಾಣದಲ್ಲಿ ಇಳಿದವರು ಲೂರ್ದಿನ ಗಾಡಿಗೆ ಊರಿನ ಇನ್ನೊಂದು ಮಗ್ಗುಲಿನ ಮೊಂಪರ್ನಾಸ್ ನಿಲ್ದಾಣಕ್ಕೆ ಹೋಗಬೇಕು. ಮೆಟ್ರೋದ 4ನೇ ಮಾರ್ಗ ಎರಡನ್ನೂ ಜೋಡಿಸುತ್ತದೆ, ಆದರೆ ಪ್ಯಾರಿಸ್ ಮೆಟ್ರೋ ಎಂದರೆ ಮೆಟ್ಟಿಲುಗಳ ಸಾಮ್ರಾಜ್ಯ. ನಾಲ್ವರಿದ್ದುದರಿಂದ ನಾವು ಟ್ಯಾಕ್ಸಿ ಹಿಡಿದೆವು. ಎರಡು ಗಾಡಿಗಳ ನಡುವೆ ಮೂರು ಗಂಟೆ ಬಿಟ್ಟುಕೊಂಡಿದ್ದೆವು.

ಹಿಂದಿರುಗುವಾಗ ಒಂದು ನಿಲ್ದಾಣದಲ್ಲಿ ಕೊನೆಯ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿತು. ಲಿಫ್ಟು ಕೆಟ್ಟಿತ್ತು. ಉಳಿದದ್ದು ಏಳೇ ನಿಮಿಷ, ಮುಂದೆ ಎರಡಂತಸ್ತಿನ ಮೆಟ್ಟಿಲು. ಭಾವ ಸದ್ದಿಲ್ಲದೆ ಅಕ್ಕನ ಚೀಲಕ್ಕೆ ಕೈ ಹಾಕಿದರು. ಅಕ್ಕ ಅದನ್ನು ಕಿತ್ತುಕೊಂಡು, "ರೀ, ಗಾಡಿ ಹೋದರೆ ಇನ್ನೊಂದು ಬರುತ್ತೆ. ನೀವು ಸುಮ್ಮನೆ ಹತ್ತಿ" ಎಂದು ಗದರಿದರು. ಸಾಮಾನ್ಯವಾಗಿ ಗಂಡನೆದುರು ದನಿ ಎತ್ತದ ಅಕ್ಕ! ಅಷ್ಟರಲ್ಲಿ ಬೆನ್ನುಚೀಲ ಹಾಕಿದ್ದ ಒಬ್ಬ ಹುಡುಗ ಏನನ್ನೂ ಕೇಳದೆ ಎರಡು ಚೀಲ ಎತ್ತಿಕೊಂಡು ಮೇಲೆ ಹತ್ತಿ, ಇಟ್ಟು, ಹೊರಟೇ ಹೋದ. ಧನ್ಯವಾದ ಹೇಳಲೂ ಸಿಗಲಿಲ್ಲ. ಗಾಡಿ ಸಿಕ್ಕಿತು. ನಡೆಯಲು ಕಷ್ಟವಿರುವವರು, ಮೆಟ್ಟಿಲು ಹತ್ತಲಾಗದವರು 24 ಗಂಟೆ ಮುಂಚಿತವಾಗಿ ತಿಳಿಸಿದರೆ ಯುರೋಪ್ ಒಕ್ಕೂಟದ ನಿಯಮದಂತೆ ರೈಲು ಹತ್ತಿಸಿ ಇಳಿಸುವ ಸಹಾಯ ಉಚಿತವಾಗಿ ಸಿಗುತ್ತದೆ. ಟಿಕೇಟು ಮಾಡಿಸುವಾಗಲೇ ಮಕ್ಕಳಿಗೆ ಇದನ್ನು ನೆನಪಿಸಿ, ಸಂಕೋಚ ಬೇಡ.

ಇನ್ನು ಲೂರ್ದಿನ ನೀರಿನ ಮಾತು. 1858ರಲ್ಲಿ ಬರ್ನದೆತ್ತಳಿಗೆ ಮಾತೆಯ ದರ್ಶನವಾದ ಗವಿಯ ಪಕ್ಕದಲ್ಲಿ ನಲ್ಲಿಗಳಿವೆ, ಬೇಕಾದಷ್ಟು ಹಿಡಿದುಕೊಳ್ಳಬಹುದು. ಅಂಗಡಿಗಳಲ್ಲಿ ಐದು ಲೀಟರಿನ ಕ್ಯಾನುಗಳೂ ಸಿಗುತ್ತವೆ. ಹಿಂದೂಪುರದಲ್ಲಿ, ಕಲ್ಯಾಣದುರ್ಗದಲ್ಲಿ ನೀರು ತರಲು ಹೇಳಿದವರ ಪಟ್ಟಿಯಲ್ಲಿ ನಲವತ್ತು ಮನೆಗಳಿದ್ದವು. ಕೇಳಿದವರಲ್ಲಿ ನಮ್ಮ ಧರ್ಮದವರಲ್ಲದ ನೆರೆಹೊರೆಯವರೂ ಇದ್ದರು. ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ. ಭಾರ. ನಿಲ್ದಾಣ ಗುಡ್ಡದ ಮೇಲೆ, ಗವಿ ಕೆಳಗೆ ಹೊಳೆಯ ದಂಡೆಯಲ್ಲಿ. ಹೋಗುವಾಗ ಇಳಿಜಾರು, ಬರುವಾಗ ಏರು. ಲೆಕ್ಕ ಹಾಕಿ ಎರಡೇ ಲೀಟರ್ ಹಿಡಿದೆವು, ನಾಲ್ಕು ಅರ್ಧ ಲೀಟರಿನ ಬಾಟಲಿಗಳಲ್ಲಿ. ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಗೆ ಅವಕಾಶವಿಲ್ಲದ್ದರಿಂದ ಅವು ದೊಡ್ಡ ಪೆಟ್ಟಿಗೆಯಲ್ಲಿ, ಟವಲು ಸುತ್ತಿಕೊಂಡು ಬಂದವು. ಮುಚ್ಚಳಗಳಿಗೆ ಭಾವ ತಮ್ಮ ಹಗ್ಗ ಬಿಗಿದಿದ್ದರು. ಒಂದು ಹನಿಯೂ ಸೋರಲಿಲ್ಲ.

ಅಕ್ಕ ಅದನ್ನು ಔಷಧಿ ಅಂಗಡಿಯ ಪುಟ್ಟ ಸೀಸೆಗಳಿಗೆ ಐವತ್ತು ಮಿಲಿಲೀಟರಿನಂತೆ ಹಂಚಿದರು. ನಲವತ್ತು ಸೀಸೆಗಳಿಗೆ ಸರಿಯಾಗಿ ಬಂತು. ಕಲ್ಯಾಣದುರ್ಗದ ಪಾಲು ಬಸ್ಸಿನಲ್ಲಿ ಹೋಯಿತು, ಟಾಪಿನ ಮೇಲಲ್ಲ, ಭಾವನ ತೊಡೆಯ ಮೇಲೆ.