ಗ್ರಾಫಿಕ್ಸ್ ಕಾರ್ಡೂ ತೋಟದ ಜೆಟ್ಟೂ

ಕಡಬದಂಥ ಊರಿನಲ್ಲಿ ಅಡಕೆ ತೋಟವಿಟ್ಟುಕೊಂಡವನಿಗೆ ಒಂದು ವಿದ್ಯೆ ಯಾರೂ ಕಲಿಸದೆಯೇ ಕೈವಶವಾಗಿರುತ್ತದೆ. ಹೊಳೆಬದಿಯ ಪಂಪು ಏಕಕಾಲದಲ್ಲಿ ನೀರು ಚಿಮ್ಮಿಸುವ ಎಷ್ಟು ಜೆಟ್ಟುಗಳನ್ನು ತಿರುಗಿಸಬಲ್ಲದು, ಅದಕ್ಕಿಂತ ನಾಲ್ಕು ಹೆಚ್ಚು ತೆರೆದರೆ ಒಂದೂ ಸರಿಯಾಗಿ ತಿರುಗದೆ ನೀರೆಲ್ಲ ಕೊಳವೆಯ ಬುಡದಲ್ಲಿಯೇ ಸುರಿದು ಹೇಗೆ ವ್ಯರ್ಥವಾಗುತ್ತದೆ ಎಂಬುದನ್ನು ಅವನು ಕಾಗದ ಪೆನ್ಸಿಲುಗಳ ನೆರವಿಲ್ಲದೆ ಬಲ್ಲನು. ಈ ವಿದ್ಯೆ ಗಣಕಯಂತ್ರಕ್ಕೂ ಸಲ್ಲುತ್ತದೆಂಬುದು ನನಗೆ ಹೊಳೆದದ್ದು ಕಳೆದ ಬೇಸಗೆಯಲ್ಲಿ.

ನನ್ನ ಅಳಿಯನೊಬ್ಬನು ಯಕ್ಷಗಾನ, ಮದುವೆ, ಉಪನಯನಗಳನ್ನು ಚಿತ್ರೀಕರಿಸಿ ಒಪ್ಪಗೊಳಿಸಿಕೊಡುವ ವೃತ್ತಿಯವನು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅವನು ತರಿಸಿಕೊಂಡದ್ದು ಯಾವುದೋ ಕಚೇರಿಯವರು ಬಳಸಿ ಬಿಟ್ಟ, ದಪ್ಪ ನಿಘಂಟಿನಷ್ಟು ಗಾತ್ರದ ಡೆಸ್ಕ್‌ಟಾಪ್. ಪತ್ರ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಅದು ಸಮರ್ಥವೇ. ರಾತ್ರಿಯಿಡೀ ನಡೆದ ಯಕ್ಷಗಾನದ ಆಟದ ದೃಶ್ಯಗಳನ್ನು ಜೋಡಿಸಹೊರಟೊಡನೆ ಮಾತ್ರ ವೇಷಧಾರಿ ಹಾರಿ ತಿರುಗುವ ದಿಗಿಣ ನಡುಗಾಳಿಯಲ್ಲಿ ನಿಂತುಬಿಡುತ್ತಿತ್ತು.

“ಮಾವ, ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಆಟಗಳು ನಿಲ್ಲುವ ಪತ್ತನಾಜೆಯೊಳಗೆ ಕೆಲಸ ಎಲ್ಲ ಮುಗಿದೀತು” ಎಂದನವನು.

“ಮೊದಲು ಮುಚ್ಚಳ ತೆಗಿ ಮಾರಾಯ, ಒಳಗೆ ಏನುಂಟು ನೋಡುವ” ಎಂದೆ.

ಗ್ರಾಫಿಕ್ಸ್ ಕಾರ್ಡ್ ಮಾಡುವ ಕೆಲಸವೇನೆಂಬುದನ್ನು ಇಲ್ಲಿ ಹೇಳಿಬಿಡುವುದು ಯುಕ್ತ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಸೆಕೆಂಡಿಗೆ 30 ಚಿತ್ರಗಳೆಂದರೆ ಆರು ಕೋಟಿಗೂ ಮಿಕ್ಕಿದ ಬಿಂದುಗಳ ಬಣ್ಣ ನಿರ್ಣಯವಾಗಬೇಕು. ಮುಖ್ಯ ಪ್ರೊಸೆಸರ್ ಜಟಿಲವಾದ ಲೆಕ್ಕವನ್ನು ಬಿಡಿಸಬಲ್ಲ ಪಂಡಿತನೇ ಸರಿ, ಆದರೆ ಅಂಗಳ ತುಂಬ ರಾಶಿಬಿದ್ದ ಅಡಕೆಯನ್ನು ಸುಲಿಯುವುದಕ್ಕೆ ಬೇಕಾದುದು ಪಂಡಿತನಲ್ಲ, ಸಾಲಾಗಿ ಕುಳಿತು ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡುವ ಹಲವು ಕೈಗಳು. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅಂಥ ಕೈಗಳು ನೂರಾರು, ಸಾವಿರಾರು. ಅಷ್ಟು ಕೈಗಳಿಗೂ ಊಟವಿಕ್ಕಬೇಕಾದುದು ವಿದ್ಯುತ್ತು.

ಮುಚ್ಚಳವನ್ನು ಸರಿಸಿದಾಗ ಮೊದಲು ಕಂಡದ್ದು ಫ್ಯಾನಿನ ಅಲಗುಗಳಿಗಂಟಿದ ಕೆಮ್ಮಣ್ಣಿನ ಧೂಳು. ಅದನ್ನು ಕುಂಚದಿಂದ ಒರಸಿ, ಮೂಲೆಯ ಲೋಹದ ಪೆಟ್ಟಿಗೆಗೆ ಟಾರ್ಚು ಹಿಡಿದೆವು. ಗೋಡೆಯ 230 ವೋಲ್ಟನ್ನು ಯಂತ್ರದ ಅಂಗಾಂಗಗಳಿಗೆ ಬೇಕಾದ ಅಲ್ಪ ವೋಲ್ಟುಗಳಿಗೆ ಇಳಿಸಿ ಹಂಚುವ ಪವರ್ ಸಪ್ಲೈ ಅದು. ಅದರ ಚೀಟಿಯಲ್ಲಿ 240 ವ್ಯಾಟ್ ಎಂದಿತ್ತು. ಇಂಥ ಕಿರುಯಂತ್ರಗಳಲ್ಲಿ ಅದು 180 ವ್ಯಾಟ್ ಮಾತ್ರವೇ ಇರುವುದೂ ಉಂಟು. ಸಾಲದಿದ್ದರೆ ದೊಡ್ಡದನ್ನು ಹಾಕಿದರಾಯಿತೆಂದು ಸಮಾಧಾನ ತಾಳುವಂತಿಲ್ಲ: ಡೆಲ್, ಎಚ್‌ಪಿ, ಲೆನೊವೊ ಮೊದಲಾದವರ ಕಿರುಗಾತ್ರದ ಕಚೇರಿಯಂತ್ರಗಳಲ್ಲಿ ಈ ಪೆಟ್ಟಿಗೆಯ ಆಕಾರವೂ ತಂತಿಯ ತುದಿಗಳೂ ಸಾಮಾನ್ಯವಾಗಿ ಅವರವರದೇ ಆಗಿದ್ದು, ಪೇಟೆಯ ಸಾಧಾರಣ ಪವರ್ ಸಪ್ಲೈ ಅಲ್ಲಿ ಕೂರದು.

ಇನ್ನು ಲೆಕ್ಕ. ಪ್ರೊಸೆಸರಿಗೆ 65 ವ್ಯಾಟ್, ಮದರ್‌ಬೋರ್ಡ್, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ ಅಂದಾಜು 35, ಹೊಸ ಕಾರ್ಡಿಗೆ 70, ಒಟ್ಟು 170. ಪ್ರೊಸೆಸರ್ ಅವಸರದ ಹೊತ್ತಿನಲ್ಲಿ ತನ್ನ 65ರ ಗಡಿಯನ್ನು ಮೀರುವುದುಂಟಾದುದರಿಂದ 180 ವ್ಯಾಟಿನ ಪೆಟ್ಟಿಗೆಗೆ ಈ ಹೊರೆ ಅತಿಯಾಯಿತು. 240ರದಕ್ಕೆ ಉಸಿರಾಡಲು ಎಡೆಯುಂಟು.

ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿ ತಾನಾಗಿ ಕೊಡಬಲ್ಲ ವಿದ್ಯುತ್ತಿನ ಮೇರೆ 75 ವ್ಯಾಟ್. ಕೆಲವು ಕಿರುಯಂತ್ರಗಳ ಕೈಪಿಡಿಯಲ್ಲಿ ಅದಕ್ಕೂ ಕಡಮೆಯ ಮಿತಿಯನ್ನು ಹೇಳಿರುವುದರಿಂದ ಓದಿ ನೋಡತಕ್ಕದ್ದು. 75 ವ್ಯಾಟಿಗಿಂತ ಹೆಚ್ಚು ಉಣ್ಣುವ ಕಾರ್ಡುಗಳಿಗೆ ಆರು ಅಥವಾ ಎಂಟು ಪಿನ್ನುಗಳ ಪ್ರತ್ಯೇಕ ತಂತಿ ಬೇಕು. ಆ ತಂತಿಯಿಲ್ಲದ ಯಂತ್ರಕ್ಕೆ ಡಿಸ್ಕಿನ ಸಾಟಾ ತಂತಿಯಿಂದ ಅಡಾಪ್ಟರ್ ಸಿಕ್ಕಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಸಾಟಾ ತುದಿಯ 12 ವೋಲ್ಟಿನ ಸಾಮರ್ಥ್ಯ 54 ವ್ಯಾಟ್, ಆರು ಪಿನ್ನಿನ ಬಾಯಿ ಕೇಳಬಹುದಾದುದು 75. ಈ ಅಂತರ ಬಿಸಿಯಾಗಿ ಪರಿಣಮಿಸಿ ಪ್ಲಾಸ್ಟಿಕ್ಕನ್ನು ಕರಗಿಸೀತು.

ಕಿಂಡಿಯ ಅನ್ನದಿಂದಲೇ ತೃಪ್ತವಾಗುವ ಕಾರ್ಡುಗಳು ಕೆಲವುಂಟು. ಎನ್ವಿಡಿಯಾದ ಜಿಟಿಎಕ್ಸ್ 1650 2019ರಲ್ಲಿ ಬಂದುದು, 75 ವ್ಯಾಟಿನದು. ಅದರಲ್ಲಿಯೂ ಪ್ರತ್ಯೇಕ ತಂತಿ ಬೇಡುವ ಮಾದರಿಗಳಿರುವುದರಿಂದ ನೋಡಿಕೊಳ್ಳಬೇಕು. ಎಎಮ್‌ಡಿಯ ಆರ್‌ಎಕ್ಸ್ 6400 2022ರದು, ಬರೀ 53 ವ್ಯಾಟ್. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 2024ರದು, 70 ವ್ಯಾಟ್. ಅಲ್ಪಾಹಾರಿಯೇ ಶ್ರೇಷ್ಠವೆಂದು ಆರ್‌ಎಕ್ಸ್ 6400ಕ್ಕೆ ಮರುಳಾಗಿದ್ದ ನಮಗೆ ವಿವರ ಓದಿದ ಮೇಲೆ ತಿಳಿದದ್ದು, ವಿಡಿಯೊವನ್ನು ಸಂಕುಚಿತಗೊಳಿಸಿ ಕಡತವಾಗಿಸುವ ಎನ್‌ಕೋಡರ್ ಅದರಲ್ಲಿಲ್ಲವೆಂದು. ಗೇಮ್ ಆಡುವವನಿಗೆ ಇದೊಂದು ಕೊರತೆಯಲ್ಲ. ಚಿತ್ರೀಕರಣವೇ ವೃತ್ತಿಯಾದವನಿಗೆ ಅದು ಹಲ್ಲಿಲ್ಲದ ಗರಗಸ.

ಕೊನೆಯದು ಎಡೆಯ ಪ್ರಶ್ನೆ. ಪೂರ್ಣ ಗಾತ್ರದ ಕಾರ್ಡಿನ ಹಿಂಬದಿಯ ಲೋಹಪಟ್ಟಿ 12 ಸೆಂ.ಮೀ.; ಕಿರುಯಂತ್ರಕ್ಕೆ ಬೇಕಾದ ಲೋ ಪ್ರೊಫೈಲಿನದು ಸುಮಾರು 8. ಎತ್ತರ ಹೊಂದಿದರೂ ಎರಡು ಕಿಂಡಿಗಳ ದಪ್ಪದ ಕಾರ್ಡ್ ಪವರ್ ಸಪ್ಲೈಗೆ ತಗುಲೀತು. ನಾವು ರಟ್ಟನ್ನು ಕಾರ್ಡಿನ ಅಳತೆಗೆ ಕತ್ತರಿಸಿ ಕಿಂಡಿಯಲ್ಲಿಟ್ಟು ನೋಡಿದೆವು, ಕೂತಿತು. ಲೋ ಪ್ರೊಫೈಲಿನ 3050ಕ್ಕೆ ಬೇಡಿಕೆ ಕಳಿಸಿದೆವು. ಅದು ಬಂದ ದಿನ ಯಂತ್ರದ ಪ್ಲಗ್ಗನ್ನೇ ಕಳಚಿ, ಕೈಯ ಸ್ಥಿರವಿದ್ಯುತ್ತು ಹರಿದುಹೋಗಲೆಂದು ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಅಳಿಯನು ಕಾರ್ಡನ್ನು ಕ್ಲಿಕ್ಕೆಂಬ ಸದ್ದು ಬರುವವರೆಗೆ ಕಿಂಡಿಗೆ ಒತ್ತಿದನು.

ಮಿತಿ ಅಲ್ಲಿಗೇ ಮುಗಿಯಲಿಲ್ಲ. ಬೇಸಗೆಯ ಸಂಜೆ ಸುಬ್ರಹ್ಮಣ್ಯದ ಕಡೆಯ ಬೆಟ್ಟಗಳ ಮೇಲೆ ಮೋಡ ಕವಿದು ಗುಡುಗಿತೆಂದರೆ ನಮ್ಮಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಮಾರುಕಟ್ಟೆಯ 600 ವಿ.ಎ. ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನಷ್ಟು ಹೊರೆ ಹೊರುತ್ತದೆ. ಹೊರುವುದು ಕೆಲವೇ ನಿಮಿಷ, ಕೆಲಸವನ್ನುಳಿಸಿ ಯಂತ್ರವನ್ನಾರಿಸುವಷ್ಟು. ಸಿಡಿಲಿನ ಮುಂದೆ ಅದೂ ದುರ್ಬಲವೇ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಳಚುವುದು ವಿವೇಕ.

ಈಗ ದಿಗಿಣ ನಿಲ್ಲದೆ ತಿರುಗುತ್ತದೆ. ಮೊನ್ನೆ ರಾತ್ರಿ ಅವನು ಒಂದು ಆಟವನ್ನು ಕಡತವಾಗಿಸಲು ಹಚ್ಚಿ ಕುಳಿತಿದ್ದಾಗ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಬಂತು. ಟಾರ್ಚು ಹಿಡಿದು ತೋಟಕ್ಕಿಳಿದವನು ಪಂಪು ಚಾಲೂ ಮಾಡುವುದಕ್ಕೆ ಮೊದಲು ಮೇಲಿನ ತಟ್ಟಿನ ಗೇಟ್‌ವಾಲ್ವನ್ನು ಮುಚ್ಚಿ, ಆಮೇಲೆ ಕೆಳಗಿನದನ್ನು ತೆರೆದನು. ಕತ್ತಲೆಯಲ್ಲಿ ಜೆಟ್ಟುಗಳು ಒಂದೊಂದಾಗಿ ಚಟಚಟನೆ ತಿರುಗತೊಡಗಿದುದು ಜಗಲಿಗೆ ಕೇಳಿಸಿತು.