ಏದುಸಿರಿನ ಹಿಂದೆ ಅಡಗಿದ ಹೆಪ್ಪು

ಏರು ಹತ್ತುವಾಗ ಏದುಸಿರು ಬಂದರೆ ನಾವು ವಯಸ್ಸನ್ನು ದೂರುತ್ತೇವೆ. ಇಲ್ಲವೇ ಉಬ್ಬಸವೆಂದು ಬಗೆದು ಕಷಾಯ ಕುಡಿಯುತ್ತೇವೆ. ನಮ್ಮ ಸಹೋದ್ಯೋಗಿಯೊಬ್ಬರು ಎರಡು ವರ್ಷ ಹೀಗೆಯೇ ಕಳೆದರು. ಅದಕ್ಕೂ ಮೊದಲು ಅವರ ಎಡಗಾಲು ಬಾತು, ವಾರಗಟ್ಟಲೆ ಹಾಸಿಗೆ ಹಿಡಿದಿದ್ದರು. ಆ ಬಾವನ್ನೂ ಈ ಏದುಸಿರನ್ನೂ ಯಾರೂ ಜೋಡಿಸಿ ನೋಡಲಿಲ್ಲ, ನಾವೂ ನೋಡಲಿಲ್ಲ. ಕೊನೆಗೆ, ಶ್ವಾಸಕೋಶದಲ್ಲಿ ಗಾಳಿಯೂ ರಕ್ತವೂ ಎಲ್ಲೆಲ್ಲಿ ತಲುಪುತ್ತವೆಂದು ತೋರಿಸುವ ಸ್ಕ್ಯಾನಿನಿಂದ ಗುಟ್ಟು ಬಯಲಾಯಿತು.

ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಕೆಲವೊಮ್ಮೆ ಕಳಚಿಕೊಂಡು, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ಅಪಧಮನಿಯಲ್ಲಿ ಸಿಲುಕುತ್ತದೆ. ಬಹುಮಂದಿಯಲ್ಲಿ ಅದು ಕ್ರಮೇಣ ಕರಗುತ್ತದೆ. ಕೆಲವರಲ್ಲಿ ಮಾತ್ರ, ಮೂರು ತಿಂಗಳು ಹೆಪ್ಪು ತಡೆಯುವ ಮದ್ದು ಕೊಟ್ಟ ಮೇಲೂ ಉಳಿದು, ನಾರಿನಂತಾಗಿ ನಾಳದ ಗೋಡೆಗೆ ಬೆಸೆದುಕೊಳ್ಳುತ್ತದೆ. ಕಾಲುವೆಯಲ್ಲಿ ಹೂಳು ನಿಂತ ಹಾಗೆ. ಆಗ ಶ್ವಾಸಕೋಶದ ಅಪಧಮನಿಯಲ್ಲಿ ರಕ್ತದ ಒತ್ತಡ ಏರುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಒತ್ತಡ ಇದಲ್ಲ. ಇದರ ಸರಾಸರಿ 20 ಮಿಲಿಮೀಟರ್ ಪಾದರಸವನ್ನು ಮೀರಿದರೆ ಹೆಚ್ಚೆಂದು ಇಂದಿನ ಎಣಿಕೆ. ಹೊರೆಯೆಲ್ಲ ಹೃದಯದ ಬಲಭಾಗದ ಮೇಲೆ.

ಈ ಹೆಪ್ಪನ್ನು ನಾಳದ ಒಳಪದರದೊಡನೆ ಸುಲಿದು ತೆಗೆಯುವ ಶಸ್ತ್ರಕ್ರಿಯೆಯನ್ನು ಅಮೆರಿಕದ ಸ್ಯಾನ್ ಡಿಯಾಗೊ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯರು 1970ರ ದಶಕದಿಂದ ಬೆಳೆಸಿಕೊಂಡು ಬಂದರು. ಬೆಂಗಳೂರಿನಲ್ಲಿಯೂ ಇದು ನಡೆಯುತ್ತದೆ. ರೋಗಿಯನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಜೋಡಿಸಿ, ದೇಹವನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸಿ, ರಕ್ತಸಂಚಾರವನ್ನೇ ನಿಲ್ಲಿಸುತ್ತಾರೆ. ಅದೂ ಸಾಮಾನ್ಯವಾಗಿ ಒಂದು ಸಲಕ್ಕೆ 20 ನಿಮಿಷ ಮೀರದಂತೆ. ನಮ್ಮ ಶಾಲೆಯ ಅರ್ಧ ಪೀರಿಯಡ್!

“ಒತ್ತಡ ತಗ್ಗಿಸುವ ಮಾತ್ರೆಯನ್ನೇ ನುಂಗುತ್ತಿದ್ದರೆ ಆಗದೇ?” ಎಂದು ಅವರ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಯೋಸಿಗ್ವಾಟ್ ಎಂಬ ಮಾತ್ರೆಯುಂಟು. ಆದರೆ ಅದು ಶಸ್ತ್ರಕ್ರಿಯೆ ಸಾಧ್ಯವಿಲ್ಲದವರಿಗೆ, ಅಥವಾ ಶಸ್ತ್ರಕ್ರಿಯೆಯ ಬಳಿಕವೂ ಒತ್ತಡ ಉಳಿದವರಿಗೆ. ಹೂಳನ್ನು ಅದು ತೆಗೆಯದು. ಬಲಹೃದಯ ತೀರ ಸೋತಿದ್ದರೆ ಮೊದಲು ಮದ್ದಿನಿಂದ ಸುಧಾರಿಸಿಕೊಳ್ಳುವುದುಂಟು. ಆ ನೆಪದಲ್ಲಿ ಶಸ್ತ್ರಕ್ರಿಯೆಯ ದಿನವನ್ನು ಮುಂದೆ ತಳ್ಳಬಾರದೆಂಬುದು ತಜ್ಞರ ಮತ.

ಬಳಿಕದ ದಿನಗಳೂ ಸುಲಭವಲ್ಲ. ಬಹುಕಾಲ ರಕ್ತ ಕಾಣದ ಭಾಗಗಳಿಗೆ ಒಮ್ಮೆಲೇ ರಕ್ತ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒತ್ತಡ ಇಳಿಯದೆ ಬಲಹೃದಯ ಬಳಲಬಹುದು. ಆದುದರಿಂದ ಕೃತಕ ಉಸಿರಾಟ, ಹೃದಯಕ್ಕೆ ಬಲ ಕೊಡುವ ಔಷಧ, ಮಿತವಾದ ದ್ರವ, ಇವುಗಳ ಮೇಲೆ ಹಗಲಿರುಳು ಕಣ್ಣಿಡುತ್ತಾರೆ.

ಹೆಪ್ಪು ತಡೆಯುವ ಮದ್ದು ಮಾತ್ರ ಜೀವನಪರ್ಯಂತ. ನಮ್ಮ ಸಹೋದ್ಯೋಗಿ ಅದರ ಚೀಟಿಯನ್ನು ಸದಾ ಅಂಗಿಯ ಜೇಬಿನಲ್ಲಿಟ್ಟಿರುತ್ತಾರೆ. ಕಳೆದ ತಿಂಗಳು ಹಲ್ಲು ಕೀಳಿಸಲು ಹೋದಾಗ, ಬಾಯಿ ತೆರೆಯುವ ಮೊದಲು ವೈದ್ಯರಿಗೆ ತೋರಿಸಿದ್ದು ಅದನ್ನೇ.